ಆ ನೀಲಕಂಠವನ್ನು ಬರೆದವರು ಶೇಖ್ ಜೈನುದ್ದೀನ್

ಕಳೆದ ವಾರ ಕೊಪ್ಪಳದ ಗೆಳೆಯರೊಬ್ಬರ ಮನೆಯ ಕ್ಯಾಲೆಂಡರಿನಲ್ಲಿ ಒಂದು ನೀಲಕಂಠವನ್ನು ಕಂಡೆ. ಗಂಧದ ಮರದ ಟೊಂಗೆಯ ಮೇಲೆ ಕುಳಿತ ಹಕ್ಕಿ. ಹಿಂದೆ ಆಕಾಶವಿಲ್ಲ, ಕೆಳಗೆ ನೆಲವಿಲ್ಲ, ಬರೀ ಕಾಗದ. ಗಂಗಾವತಿ ರಸ್ತೆಯ ಕರೆಂಟ್ ತಂತಿಗಳ ಮೇಲೆ ನಾವು ನೋಡುವ, ನಮ್ಮ ರಾಜ್ಯಪಕ್ಷಿಯೂ ಆಗಿರುವ ಹಕ್ಕಿ ಅದು. ಅದರಡಿ ‘ಇಂಪೆ ಸಂಗ್ರಹ, 1780’ ಎಂದಷ್ಟೇ ಅಚ್ಚಾಗಿತ್ತು. ಬರೆದವರ ಹೆಸರು ಇರಲಿಲ್ಲ. ನನಗೆ ನಿಜಕ್ಕೂ ನೋವಾಯಿತು, ಏಕೆಂದರೆ ಕಲಾವಿದ ಯಾರೋ ತಿಳಿಯದು ಎಂಬ ನೆಪ ಈ ಚಿತ್ರಕ್ಕೆ ಇಲ್ಲ.

ಬರೆದವರು ಪಟ್ನಾದ ಶೇಖ್ ಜೈನುದ್ದೀನ್. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಲಿಜಾ ಇಂಪೆಯವರ ಪತ್ನಿ ಮೇರಿ ಇಂಪೆ ತಮ್ಮ ತೋಟದಲ್ಲಿ ಬಗೆಬಗೆಯ ಹಕ್ಕಿ, ಪ್ರಾಣಿಗಳನ್ನು ಸಾಕಿದ್ದರು. 1777ರಿಂದ 1782ರವರೆಗೆ ಜೈನುದ್ದೀನ್, ಭವಾನಿ ದಾಸ್ ಮತ್ತು ರಾಮ್ ದಾಸ್ ಎಂಬ ಮೂವರು ಕಲಾವಿದರು ಮೇರಿಯವರಿಗಾಗಿ 300ಕ್ಕೂ ಹೆಚ್ಚು ಚಿತ್ರಗಳನ್ನು ಬರೆದುಕೊಟ್ಟರು. ಅರ್ಧಕ್ಕಿಂತ ಹೆಚ್ಚು ಹಕ್ಕಿಗಳವೇ. ಮೊಘಲ್ ಕಿರುಚಿತ್ರಗಳಲ್ಲಿ ಪಳಗಿದ ಆ ಕೈಗಳು ಇಂಗ್ಲೆಂಡಿನಿಂದ ಬಂದ ದೊಡ್ಡ ಹಾಳೆಗಳ ಮೇಲೆ, ಜಲವರ್ಣದಲ್ಲಿ, ಸಾಧ್ಯವಾದಲ್ಲೆಲ್ಲ ಹಕ್ಕಿಯ ನಿಜಗಾತ್ರದಲ್ಲಿಯೇ, ಗರಿಯ ಒಂದೊಂದು ಎಳೆಯನ್ನೂ ಬಿಡದೆ ಬರೆದವು. ಫೋಟೋ ಇಲ್ಲದ ಆ ಕಾಲದಲ್ಲಿ ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಲೇಥಮ್ ಹಕ್ಕಿಗಳನ್ನು ವಿವರಿಸುವಾಗ ಈ ಚಿತ್ರಗಳನ್ನು ಆಧಾರವಾಗಿ ಇಟ್ಟುಕೊಂಡರು. ಹಿಮಾಲಯದ ಮೋನಾಲ್ ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲಿ ಇಂದಿಗೂ ಇಂಪೆಯವರ ಹೆಸರಿದೆ.

ಆದರೆ ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಕಲಾವಿದರ ಹೆಸರನ್ನು ಮರೆಮಾಡಿದವರು ಮೇರಿ ಇಂಪೆ ಅಲ್ಲ. ಹಾಳೆಯ ಮೇಲೆ ಬರೆದವರ ಹೆಸರು, ಊರು ಎರಡೂ ಇವೆ. ಈಸ್ಟ್ ಇಂಡಿಯಾ ಕಂಪನಿ ಕಾಲದ ಎಷ್ಟೋ ಸಂಗ್ರಹಗಳಲ್ಲಿ ಅಷ್ಟೂ ಸಿಗುವುದಿಲ್ಲ. ಸಂಗ್ರಹ 1810ರಲ್ಲಿ ಲಂಡನ್ನಿನಲ್ಲಿ ಹರಾಜಾಗಿ ಚದುರಿಹೋಯಿತು, ಈ ನೀಲಕಂಠ ಅಮೆರಿಕದ ಮಿನ್ನಿಯಾಪೊಲಿಸ್ ಕಲಾ ಸಂಗ್ರಹಾಲಯ ಸೇರಿತು. ಅಷ್ಟು ದೂರ ಹೋದರೂ ಅಳಿಯದ ಹೆಸರನ್ನು, ಹಕ್ಕಿಯನ್ನಷ್ಟೇ ಉಳಿಸಿಕೊಂಡು ಕತ್ತರಿಸಿ ಹಾಕುತ್ತಿರುವವರು ಇಂದಿನ ನಾವು. ಇಂಥ ಚಿತ್ರಗಳನ್ನು ಹಂಚಿಕೊಳ್ಳುವವರು ಮೊದಲು ಬರೆದವರ ಹೆಸರು ಹಾಕಿ, ಸಂಗ್ರಹಿಸಿದವರ ಹೆಸರನ್ನು ಆಮೇಲೆ ಹಾಕಬೇಕೆಂದು ಕೈಮುಗಿದು ಕೇಳುತ್ತೇನೆ.

ನಮ್ಮ ಮನೆಯಲ್ಲಿ ಅಜ್ಜನ ಕಾಲದ, ಕಿನ್ನಾಳದ ಮರದ ಗರುಡನ ಗೊಂಬೆಯಿದೆ. ಅಂದು ರಾತ್ರಿ ಅದನ್ನು ತಿರುವಿ ನೋಡಿದೆ. ಪೀಠದಡಿ ಯಾರ ಹೆಸರೂ ಇರಲಿಲ್ಲ. ಭಾನುವಾರ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಿನ್ನಾಳಕ್ಕೆ ಹೋಗಿ ಹಿರಿಯ ಚಿತ್ರಗಾರರೊಬ್ಬರ ಮುಂದಿಟ್ಟೆ. ಅವರು ಹುಬ್ಬಿನ ಗೆರೆಯ ಮೇಲೆ ಬೆರಳಾಡಿಸಿ, “ಇದು ನಮ್ಮ ದೊಡ್ಡಪ್ಪನ ಕೈ ರೀ. ಹುಬ್ಬು ಹಿಂಗ ಎಳೀತಿದ್ದವರು ಅವರೊಬ್ಬರ” ಎಂದರು. ದೊಡ್ಡಪ್ಪನವರ ಹೆಸರನ್ನು ಆ ಚಿತ್ರಗಾರರ ಕೈಯಿಂದಲೇ ಪೀಠದಡಿ ಬರೆಸಿಕೊಂಡೆ. ಬರುವ ದಾರಿಯಲ್ಲಿ ಗೆಳೆಯರ ಮನೆಗೆ ಹೋಗಿ, ಅವರನ್ನು ಕೇಳಿ, ಕ್ಯಾಲೆಂಡರಿನ ನೀಲಕಂಠದ ಕೆಳಗೆ ‘ಶೇಖ್ ಜೈನುದ್ದೀನ್, ಪಟ್ನಾ’ ಎಂದು ಬರೆದು ಬಂದೆ.