ಆಮೆಗೆ ಪಟ್ಟ, ಹೊಯ್ಗೆಗೆ ಲಾರಿ

ನಮ್ಮ ಕಾಸರಗೋಡು ಜಿಲ್ಲೆಗೆ ಸ್ವಂತದ್ದೊಂದು ಆಮೆ ಇದೆ. ತಮಾಷೆ ಅಲ್ಲ, 2023ರಲ್ಲಿ ಅಧಿಕೃತವಾಗಿಯೇ ಘೋಷಣೆ ಆಗಿದೆ. ತನಗೊಂದು ಮರ, ಒಂದು ಹೂ, ಒಂದು ಹಕ್ಕಿ, ಒಂದು ಪ್ರಾಣಿ ಅಂತ ಆರಿಸಿಕೊಂಡ ದೇಶದ ಮೊದಲ ಜಿಲ್ಲೆ ನಮ್ಮದು. ಮರ ಕಾಸರಕ, ಊರಿಗೆ ಹೆಸರು ಬಂದದ್ದೇ ಅದರಿಂದ ಅಂತಾರೆ. ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು. ಅದಕ್ಕೆ ಗೂಡು ಕಟ್ಟಲು ಎತ್ತರದ ಮರ ಬೇಕು, ನಾವು ಹೈವೇ ಅಗಲ ಮಾಡಿ ಎತ್ತರದ ಕಂಬ ಕೊಟ್ಟಿದ್ದೇವೆ. ಪ್ರಾಣಿ ಯಾವುದು ಅಂದರೆ, ಚಂದ್ರಗಿರಿ ಹೊಳೆಯಲ್ಲಿರುವ ಕ್ಯಾಂಟರ್ ಎಂಬ ಹೆಸರಿನ ಮೆದುಚಿಪ್ಪಿನ ದೊಡ್ಡ ಆಮೆ. ಮಲಯಾಳದಲ್ಲಿ ಪಾಲಪ್ಪೂವನ್, ಭೀಮನಾಮ ಅಂತೆಲ್ಲ ಹೇಳುತ್ತಾರೆ. ಜಗತ್ತಿನಲ್ಲೇ ಅಳಿವಿನ ಅಂಚಿಗೆ ಬಂದು ನಿಂತ ಜಾತಿ.

ಈ ಆಮೆಯ ಸ್ವಭಾವ ಕೇಳಿ. ಆಯುಷ್ಯದ ಸುಮಾರು 95 ಶೇಕಡಾ ಭಾಗವನ್ನು ಹೊಳೆಯ ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ಹೂತುಕೊಂಡು, ಅಲ್ಲಾಡದೆ ಕಳೆಯುತ್ತದೆ. ಉಸಿರಾಡಲು ದಿನಕ್ಕೆ ಒಂದೆರಡು ಸಲ ಮೂಗು ಮೇಲೆ ಮಾಡುತ್ತದೆ, ಅಷ್ಟೇ. ಇದನ್ನು ಜಿಲ್ಲೆಯ ಗುರುತು ಅಂತ ಆರಿಸಿದವರಿಗೆ ಆಫೀಸಿನ ಅನುಭವ ಚೆನ್ನಾಗಿ ಇದ್ದಿರಬೇಕು.

ಆಮೆಯ ರಕ್ಷಣೆಗೆ ಅಂತ ನಡೆದ ಒಂದು ಸಭೆಗೆ ನಾನೂ ಹೋಗಿದ್ದೆ. ಎಲ್ಲಿ, ಯಾರು ಮಾಡಿದ್ದು ಅಂತ ಹೇಳುವುದಿಲ್ಲ, ನಾಳೆಯೂ ಅದೇ ಊರಲ್ಲಿ ಬದುಕಬೇಕಲ್ವಾ. ಮಾರ್ಚ್ ತಿಂಗಳು, ಮಧ್ಯಾಹ್ನ ಮೂರು ಗಂಟೆ. ಹೊರಗೆ ಕಾಗೆಯೂ ಬಾಯಿ ಕಳೆದು ಕೂತಿತ್ತು. ಒಳಗೆ ಎಸಿ ಎಷ್ಟು ಜೋರಾಗಿತ್ತು ಅಂದರೆ, ಮುಖ್ಯ ಅತಿಥಿಗಳು ತಮಗೆ ಹೊದೆಸಿದ ಶಾಲನ್ನು ಕೊನೆಯವರೆಗೂ ತೆಗೆಯಲೇ ಇಲ್ಲ, ಮೊದಲ ಬಾರಿಗೆ ಒಂದು ಸನ್ಮಾನದ ಶಾಲು ಉಪಯೋಗಕ್ಕೆ ಬಂದದ್ದನ್ನು ನೋಡಿದೆ. ಹಿಂದೆ ಇಪ್ಪತ್ತು ಅಡಿಯ ಫ್ಲೆಕ್ಸ್. ಅದರಲ್ಲಿ ನಮ್ಮ ಆಮೆ. ಹತ್ತಿರ ಹೋಗಿ ನೋಡಿದರೆ ನಕ್ಷತ್ರ ಆಮೆ! ಒಣ ಬಯಲಿನಲ್ಲಿ ಹುಲ್ಲು ತಿಂದುಕೊಂಡಿರುವ, ಗಟ್ಟಿ ಚಿಪ್ಪಿನ ಪ್ರಾಣಿ. ಹೊಳೆಗೆ ಬಿಟ್ಟರೆ ಮುಳುಗಿ ಸತ್ತೀತು. ಪಕ್ಕದಲ್ಲಿದ್ದ ಮಾಷ್ಟ್ರಿಗೆ ಮೆಲ್ಲಗೆ ಹೇಳಿದೆ.

"ಸುಮ್ನೆ ಕೂತುಕೊಳ್ಳಿ ಭಟ್ರೇ. ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಅದು. ನಮ್ಮದರ ಮುಖ ಕಪ್ಪೆಯ ಹಾಗಿದೆ, ಫ್ಲೆಕ್ಸಿಗೆ ಆಗುವುದಿಲ್ಲ."

ನಾವು ಕನ್ನಡದವರೂ ಕಡಿಮೆ ಏನಲ್ಲ. ಪ್ರಶ್ನೆ ಕೇಳಬಹುದು ಅಂದ ಕೂಡಲೇ ನಮ್ಮವರೊಬ್ಬರು ಎದ್ದರು. ಆಹ್ವಾನ ಪತ್ರಿಕೆ ಬರೀ ಮಲಯಾಳದಲ್ಲಿದೆ, ಆಮೆಗೆ ಕನ್ನಡದಲ್ಲಿ ಒಂದು ಹೆಸರೂ ಇಟ್ಟಿಲ್ಲ, ಇದು ಭಾಷಾ ಅಲ್ಪಸಂಖ್ಯಾತರಿಗೆ ಆದ ಅನ್ಯಾಯ ಅಂದರು. ಸರಿಯಾದ ಮಾತೇ, ನಾನೂ ಚಪ್ಪಾಳೆ ತಟ್ಟಿದೆ. ಅಲ್ಲಿಂದ ಮಾತು ಸೀದಾ ರಾಜ್ಯಗಳ ಗಡಿ ವಿವಾದದ ಮಹಾಜನ ವರದಿಗೆ ಹೋಯಿತು. 1967ರ ಆ ವರದಿಯ ಪ್ರಕಾರ ಚಂದ್ರಗಿರಿಯ ಉತ್ತರಕ್ಕಿರುವ ಊರುಗಳು ಕರ್ನಾಟಕಕ್ಕೆ ಸೇರಬೇಕು. ಹಾಗಾದರೆ ಉತ್ತರದ ದಡದಲ್ಲಿ ಮೊಟ್ಟೆ ಇಟ್ಟ ಆಮೆ ಕನ್ನಡದ್ದು, ದಕ್ಷಿಣದ ದಡದಲ್ಲಿ ಇಟ್ಟದ್ದು ಮಲಯಾಳದ್ದು, ನಡು ಹೊಳೆಯಲ್ಲಿ ಮೂಗು ಮೇಲೆ ಮಾಡಿದರೆ ಅದು ವಿವಾದದ ಜಾಗ. ವರದಿಯೂ ಆಮೆಯ ಜಾತಿಯದ್ದೇ ಬಿಡಿ. ಐವತ್ತಕ್ಕೂ ಜಾಸ್ತಿ ವರ್ಷದಿಂದ ಹೂತುಕೊಂಡಿದೆ, ಚುನಾವಣೆ ಹತ್ತಿರ ಬಂದಾಗ ಉಸಿರಾಡಲು ಮೇಲೆ ಬರುತ್ತದೆ.

ಮುಕ್ಕಾಲು ಗಂಟೆ ಇದೇ ಆಯಿತು. ಹೊಳೆಯ ಸುದ್ದಿ ಯಾರೂ ಎತ್ತಲಿಲ್ಲ.

ಹೊಳೆಗೇನಾಗಿದೆ? ಪಯಸ್ವಿನಿ ಕೊಡಗಿನಲ್ಲಿ ಹುಟ್ಟಿ, ಸುಳ್ಯ ದಾಟಿ, ನಮ್ಮಲ್ಲಿಗೆ ಬಂದು ಚಂದ್ರಗಿರಿ ಆಗುತ್ತದೆ. ಬೇಸಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಕಯದಲ್ಲಿ ಮಾತ್ರ ನೀರು, ಅದಕ್ಕೂ ಸಾಲಾಗಿ ಪಂಪು ಇಟ್ಟಿರುತ್ತೇವೆ. ಅದರಲ್ಲಿ ನನ್ನದೂ ಒಂದು, ಸುಳ್ಳು ಯಾಕೆ ಹೇಳಲಿ, ಅಡಿಕೆ ಕೇಳಬೇಕಲ್ಲ. ಕೆಳಗಿನಿಂದ ಉಪ್ಪುನೀರು ಮೇಲೆ ಹತ್ತುತ್ತದೆ. ಹಿಂದೆ ಬೇಸಿಗೆಯಲ್ಲಿ ಪೇಟೆಯ ನಲ್ಲಿಯಲ್ಲೇ ಉಪ್ಪುನೀರು ಬರುತ್ತಿದ್ದದ್ದು ಯಾರಿಗೂ ಮರೆತಿಲ್ಲ, ಸಮುದ್ರ ಏರಿದಷ್ಟು ಈ ಕಾಟ ಜಾಸ್ತಿ. ಮಳೆಯದ್ದು ಇನ್ನೊಂದು ಕತೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ನೀರಾವಿ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡದ್ದನ್ನು ಒಂದೇ ಸಲ, ಹೊತ್ತಲ್ಲದ ಹೊತ್ತಲ್ಲಿ ಸುರಿಯುತ್ತದೆ. ಆಮೆ ಮೊಟ್ಟೆ ಇಡುವುದು ದಡದ ಹೊಯ್ಗೆಯಲ್ಲಿ. ನೀರು ಏರಿದರೆ ಗೂಡು ಮುಳುಗಿತು. ಹಾಗೆ ಮುಳುಗಿದ ಗೂಡುಗಳಿಂದ ಮೊಟ್ಟೆ ತೆಗೆದು, ಮರಿ ಮಾಡಿಸಿ, ಹೊಳೆಗೆ ಬಿಟ್ಟ ಊರವರೂ ಸಂಶೋಧಕರೂ ಇಲ್ಲೇ ಇದ್ದಾರೆ. ಸಭೆಯಲ್ಲಿ ಅವರಿಗೆ ಶಾಲು ಇರಲಿಲ್ಲ. ಮತ್ತೆ ದಡದಲ್ಲಿ ಹೊಯ್ಗೆ ಉಳಿದಿದ್ದರೆ ತಾನೇ ಗೂಡು? ಅದು ರಾತ್ರಿ ಎರಡು ಗಂಟೆಗೆ ಲಾರಿ ಹತ್ತಿ ಹೋಗಿ ನಮ್ಮೆಲ್ಲರ ಮನೆಯ ಟೆರೇಸ್ ಆಗಿದೆ.

ಕಡಲಾಮೆಯ ಕತೆ ಇನ್ನೂ ಮಜಾ. ಅದರ ಮರಿ ಗಂಡೋ ಹೆಣ್ಣೋ ಅಂತ ತೀರ್ಮಾನ ಮಾಡುವುದು ಹೊಯ್ಗೆಯ ಬಿಸಿ. ಬಿಸಿ ಜಾಸ್ತಿಯಾದರೆ ಹೆಣ್ಣೇ ಹೆಣ್ಣು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಉತ್ತರ ಭಾಗದ ಹಸಿರು ಕಡಲಾಮೆಗಳಲ್ಲಿ ಎಳೆಯವು 99 ಶೇಕಡಾ ಹೆಣ್ಣು ಅಂತ 2018ರಲ್ಲಿ ಲೆಕ್ಕ ಸಿಕ್ಕಿತು. ನಮ್ಮ ನೀಲೇಶ್ವರದ ಹತ್ತಿರದ ಕಡಲ ದಡಕ್ಕೂ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ, ಅವಕ್ಕೂ ಇದೇ ನಿಯಮ. ಇಲ್ಲಿ ತೋಟ ನೋಡಿಕೊಳ್ಳುವ ಹುಡುಗರಿಗೆ ನಲವತ್ತಾದರೂ ಹೆಣ್ಣು ಸಿಗುವುದಿಲ್ಲ, ಅಲ್ಲಿ ಆಮೆಗೆ ಗಂಡು ಸಿಗುವುದಿಲ್ಲ. ನಮ್ಮೂರಿನ ಬ್ರೋಕರಿಗೆ ಈ ವಿಷಯ ಹೇಳಿದೆ. "ಜಾತಕ ಉಂಟಾ?" ಅಂತ ಕೇಳಿದ.

ಇನ್ನು ಕಾಡಿನ ದೊಡ್ಡ ಪ್ರಾಣಿಗಳು. ಕಾಡಿನ ನೀರು ಬತ್ತಿತು, ಅವು ತೋಟಕ್ಕೆ ಇಳಿದವು. ತೋಟ ಹೋದವನ ಸಂಕಟ ನನಗೆ ಗೊತ್ತು, ಕಳೆದ ವರ್ಷ ನನ್ನ ಬಾಳೆಯೂ ಹೋಗಿದೆ. ಆದರೂ 2024ರಲ್ಲಿ ಕೇರಳ ಸರಕಾರ ಮನುಷ್ಯ-ವನ್ಯಜೀವಿ ಸಂಘರ್ಷವನ್ನು ರಾಜ್ಯದ ವಿಪತ್ತು ಅಂತ ಘೋಷಿಸಿದಾಗ ನನಗೆ ಆನೆಯ ನೆನಪಾಯಿತು. ರಾಜ್ಯ ಪ್ರಾಣಿ ಅಂತ ಪಟ್ಟವೂ ಅದಕ್ಕೇ, ವಿಪತ್ತಿನ ಪಟ್ಟಿಯಲ್ಲಿ ಜಾಗವೂ ಅದಕ್ಕೇ.

ಸಭೆ ಮುಗಿಯುವಾಗ ಒಂದು ಸಮಿತಿ ಆಯಿತು. ಆಮೆಗೆ ಕನ್ನಡದ ಹೆಸರು ಹುಡುಕುವ ಉಪಸಮಿತಿಗೆ ನನ್ನನ್ನೂ ಹಾಕಿದ್ದಾರೆ. ಚಹಾ ಕುಡಿದು ಹೊರಡುವಾಗ ಫ್ಲೆಕ್ಸ್ ಏನು ಮಾಡುತ್ತೀರಿ ಅಂತ ಕೇಳಿದೆ. ಬೇಕಾದರೆ ಕೊಂಡುಹೋಗಿ ಅಂದರು.

ಮೊನ್ನೆ ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಮಳೆ ಬರುವ ಕಾಲವೇ ಅಲ್ಲ, ಆದರೂ ಸಂಜೆ ನಾಲ್ಕಕ್ಕೆ ದಬದಬ ಸುರಿಯಿತು. ಓಡಿಹೋಗಿ ಅದೇ ಫ್ಲೆಕ್ಸ್ ಎಳೆದು ಮುಚ್ಚಿದೆವು. ಗಟ್ಟಿ ಮಾಲು, ಒಂದು ತೂತಿಲ್ಲ. ನಕ್ಷತ್ರ ಆಮೆಯ ಮೇಲೆ ಮೊಣಕಾಲುದ್ದ ನೀರು ನಿಂತಿತ್ತು, ಪಕ್ಕದಲ್ಲಿ ಮುಖ್ಯ ಅತಿಥಿಗಳು ಕೈಮುಗಿದುಕೊಂಡು ನಗುತ್ತಿದ್ದರು. "ಅಡಿಕೆ ಒಂದೂ ಒದ್ದೆ ಆಗಲಿಲ್ಲ, ಇನ್ನೊಂದು ಸಭೆ ಯಾವಾಗ?" ಅಂತ ಮನೆಯವಳು ಕೇಳುತ್ತಿದ್ದಾಳೆ.