ಸತ್ಯಾಂಶ: ಎಕ್ಮೋ ಎಂದರೆ ಸತ್ತವರನ್ನು ಉಸಿರಾಡಿಸುವ ಯಂತ್ರವೇ?

‘ಎಕ್ಮೋಗೆ ಹಾಕಿದರೆಂದರೆ ರೋಗಿ ಆಗಲೇ ಹೋದಂತೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಹರಿದಾಡುತ್ತದೆ. ಇದು ನಿಜವಲ್ಲ.

ನ್ಯುಮೋನಿಯಾ, ಕೋವಿಡ್‌ನಂಥ ಸೋಂಕಿನಿಂದ ಶ್ವಾಸಕೋಶದ ಗಾಳಿಚೀಲಗಳಲ್ಲಿ ದ್ರವ ತುಂಬಿ, ವೆಂಟಿಲೇಟರ್‌ನಿಂದಲೂ ರಕ್ತಕ್ಕೆ ಸಾಕಷ್ಟು ಆಮ್ಲಜನಕ ಸೇರದಾದಾಗ ಎಕ್ಮೋ ಎಂಬ, ದೇಹದ ಹೊರಗೆ ಕೆಲಸ ಮಾಡುವ ಈ ಕೃತಕ ಶ್ವಾಸಕೋಶದ ನೆರವು ಪಡೆಯಲಾಗುತ್ತದೆ. ಸಾಮಾನ್ಯವಾಗಿ ತೊಡೆಸಂದಿನ ಅಭಿಧಮನಿಯಿಂದ ಹೊರಬರುವ ಕಪ್ಪುಗೆಂಪು ರಕ್ತವು ತೆಳುಪೊರೆಯ ಸಾಧನವೊಂದರಲ್ಲಿ ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ಆಮ್ಲಜನಕವನ್ನು ಹೀರಿಕೊಂಡು, ತಿಳಿಗೆಂಪಾಗಿ ಕುತ್ತಿಗೆಯ ಅಭಿಧಮನಿಗೆ ಮರಳುತ್ತದೆ. ಎರಡು ಕೊಳವೆಗಳ ಬಣ್ಣದ ವ್ಯತ್ಯಾಸ ಹಾಸಿಗೆಯ ಪಕ್ಕ ನಿಂತವರ ಕಣ್ಣಿಗೂ ಕಾಣುತ್ತದೆ. ಅಲ್ಲಿಂದ ಮುಂದೆ ರಕ್ತವನ್ನು ಮೈಗೆಲ್ಲ ತಲುಪಿಸುವುದು ರೋಗಿಯ ಸ್ವಂತ ಹೃದಯವೇ. ಕೆಲವರು ಎಕ್ಮೋದಲ್ಲಿದ್ದಾಗಲೂ ಎಚ್ಚರವಾಗಿರುತ್ತಾರೆ.

ಹಾಗೆಂದು ಇದು ಪವಾಡವೂ ಅಲ್ಲ. ಯಂತ್ರವು ಸೋಂಕನ್ನು ವಾಸಿಮಾಡುವುದಿಲ್ಲ, ಶ್ವಾಸಕೋಶ ಚೇತರಿಸಿಕೊಳ್ಳಲು ಸಮಯ ಒದಗಿಸುತ್ತದೆ, ಅಷ್ಟೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧದಿಂದ ರಕ್ತಸ್ರಾವದ ಅಪಾಯವೂ ಇದೆ. ತೀವ್ರ ಶ್ವಾಸಕೋಶ ವೈಫಲ್ಯವಿದ್ದ 249 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ‘ಇಯೋಲಿಯಾ’ ಅಧ್ಯಯನದಲ್ಲಿ, ಬೇಗನೆ ಎಕ್ಮೋ ಪಡೆದ ಗುಂಪಿನಲ್ಲಿ 60 ದಿನಗಳೊಳಗೆ ಶೇ 35ರಷ್ಟು, ಮೊದಲಿಗೆ ವೆಂಟಿಲೇಟರ್ ಚಿಕಿತ್ಸೆಯನ್ನೇ ಮುಂದುವರಿಸಿದ ಇನ್ನೊಂದು ಗುಂಪಿನಲ್ಲಿ ಶೇ 46ರಷ್ಟು ಮಂದಿ ಮೃತಪಟ್ಟರು. ಈ ಅಂತರ ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಖಚಿತವೆನಿಸಲಿಲ್ಲ. ಆದರೆ ಎಕ್ಮೋ ಪಡೆದ ಗುಂಪಿನಲ್ಲಿ ಹೆಚ್ಚಿನವರು ಬದುಕುಳಿದಿದ್ದರು ಎಂಬುದನ್ನು ಆ ಸಂದೇಶ ಹೇಳುವುದೇ ಇಲ್ಲ.