ಅಲಸಂದೆಯ ಬೆಲೆ ಆಯೋಗಕ್ಕೆ ಆರು ಕಾಲು

ತೊಗರಿ, ಉದ್ದು, ಹೆಸರು, ಕಡಲೆ, ಮಸೂರ. ಬೆಲೆ ಆಯೋಗದ ಶಿಫಾರಸಿನ ಮೇಲೆ ಕೇಂದ್ರ ಹೊರಡಿಸುವ ಬೆಂಬಲ ಬೆಲೆ ಪಟ್ಟಿಯಲ್ಲಿ ಬೇಳೆಕಾಳು ಈ ಐದೇ. ಅಲಸಂದೆ ಇಲ್ಲ. ಹಾಗೆಂದು ಅದಕ್ಕೆ ಮರ್ಯಾದೆ ಇಲ್ಲವೆನ್ನಬೇಡಿ. ಫೆಬ್ರವರಿ 10ರ ವಿಶ್ವ ಬೇಳೆಕಾಳು ದಿನ ವೇದಿಕೆಯ ಮೇಲೆ ‘ಬಡವರ ಮಾಂಸ’ ಎಂಬ ಬಿರುದುಂಟು. ಆ ಬಿರುದಿಗೆ ಮಂಡಿಯಲ್ಲಿ ಕಿಲೋಗೆ ಇಷ್ಟು ಅಂತ ಯಾರೂ ಕೊಡುವುದಿಲ್ಲ, ಅಷ್ಟೆ.

ಒಂದೆಕರೆ ಮಳೆಯಾಶ್ರಿತ ಬೆಳೆಯ ಲೆಕ್ಕ ಹಿಡಿಯಿರಿ, ಆಳಿಗೆ 400 ರೂಪಾಯಿ ಕೂಲಿಯಂತೆ. ಉಳುಮೆ, ಬಿತ್ತನೆ 3,500. ಬೀಜ 10 ಕಿಲೋ, 1,200. ಡಿಎಪಿ ಗೊಬ್ಬರ ಒಂದು ಚೀಲ, 1,350. ಕಳೆಗೆ ಎಂಟಾಳು, 3,200. ಹೇನು, ಕಾಯಿಕೊರಕಕ್ಕೆ ಎರಡು ಸಿಂಪಡಣೆ, 1,600. ಇನ್ನು ಕೊಯ್ಲು. ಅಲಸಂದೆ ಕಾಯಿ ಒಟ್ಟಿಗೆ ಮಾಗುವ ಶಿಸ್ತಿನದ್ದಲ್ಲ. ಮೂರು ಸಲ ಬಿಡಿಸಬೇಕು, ಸಲಕ್ಕೆ ಆರಾಳು, 7,200. ತಡಮಾಡಿದಿರೋ, ಮಳೆ ಹಿಡಿದು ಕಾಳು ಕಾಯಲ್ಲೇ ಮೊಳೆಯುತ್ತದೆ. ಬಡಿದು ತೂರಲು 1,200. ಒಟ್ಟು 19,250. ಬಂದದ್ದು ಮೂರು ಕ್ವಿಂಟಲ್, ಕಿಲೋಗೆ 60ರಂತೆ 18,000. ಸರ್ಕಾರ ಹೇಳಿದಂತೆ ರೈತನ ಆದಾಯ ದುಪ್ಪಟ್ಟು ಮಾಡುವುದಕ್ಕೆ ಮೊದಲು ಆದಾಯ ಅಂತ ಒಂದಿರಬೇಕಲ್ಲ!

‘ಬೆಲೆ ಏರುವ ತನಕ ಇಟ್ಟುಕೊಳ್ಳಿ’ ಎಂಬ ಉಪದೇಶಕ್ಕೆ ಬರೋಣ. ಇಲ್ಲಿಯೇ ನಿಜವಾದ ಬೆಲೆ ಆಯೋಗ ಕಲಾಪ ಶುರುಮಾಡುವುದು: ಕಾಳು ಕೊರೆಯುವ ದುಂಬಿ. ಹೊಲದಲ್ಲಿ ಒಣಗುತ್ತಿರುವ ಕಾಯಿಯ ಮೇಲೇ ಮೊಟ್ಟೆಯಿಟ್ಟು, ಚೀಲದೊಳಗೆ ಪುಕ್ಕಟೆ ಪ್ರಯಾಣ ಮಾಡಿ, ಸೆಕೆಯಿದ್ದರೆ ತಿಂಗಳೊಪ್ಪತ್ತಿನಲ್ಲಿ ಮುಂದಿನ ತಲೆಮಾರನ್ನು ಹೊರಬಿಡುತ್ತದೆ. ಭತ್ಯೆ ಕೇಳುವುದಿಲ್ಲ, ಸಭೆ ಮುಂದೂಡುವುದಿಲ್ಲ. ಕಾಳಿನಲ್ಲಿ ದುಂಡನೆ ತೂತು ಬಿದ್ದರೆ ಅದೇ ಆದೇಶ. ದಲ್ಲಾಳಿ ಅಂಗೈ ಮೇಲೆ ಹರಡಿಕೊಂಡು ಓದಿ ಹೇಳುತ್ತಾನೆ.

ಮದ್ದಿಲ್ಲವೆಂದಲ್ಲ. ಹಲ್ಲಿನಲ್ಲಿ ಕಚ್ಚಿದರೆ ಕಟಕ್ಕೆನ್ನುವಷ್ಟು ಒಣಗಿಸಿ, ಕಿಲೋಗೆ 5 ಮಿಲಿ ಅಡುಗೆ ಎಣ್ಣೆ ಸವರಿ, ಗಾಳಿಯಾಡದ ಡ್ರಮ್ಮಿಗೆ ತುಂಬಿದರೆ ದುಂಬಿಯ ಆಟ ಹೆಚ್ಚು ನಡೆಯದು. ಆದರೆ ಮೂರು ಕ್ವಿಂಟಲಿಗೆ ಎಣ್ಣೆಯೇ ಒಂದೂವರೆ ಲೀಟರ್. ಡ್ರಮ್ಮು ಬೇರೆ, ಟಾರ್ಪಾಲು ಬೇರೆ. ಕಳೆ ತೆಗೆಸಲು ಕೈಗಡ ಕೊಟ್ಟ ದಲ್ಲಾಳಿ ಅಷ್ಟರಲ್ಲಿ ಎರಡು ಸಲ ಫೋನ್ ಮಾಡಿರುತ್ತಾನೆ. ಮೂಟೆ ಅವನ ಗೋದಾಮಿಗೇ ಹೋಗುತ್ತದೆ. ಅಲ್ಲಿ ಹೊಗೆ ಹಾಕುತ್ತಾರೆ, ಆಯೋಗಕ್ಕೆ ಪ್ರವೇಶವಿಲ್ಲ.